ದೂಧ್‌ಸಾಗರ್ ರೀಲ್ ಹಾಕೂಕಿಂತ ಮೊದ್ಲ ಇದನ್ನ ಓದ್ರಿ

1/8

ಮಳಿ ಸುರು ಆತು. ನಮ್ಮ ಕ್ಲಾಸ್ ಗ್ರೂಪಿನ್ಯಾಗ ಈ ವಾರ ಮೂರು ಸಲ ಒಂದೇ ಮೆಸೇಜ್: "ಕ್ಯಾಸಲ್‌ರಾಕ್ ಟು ದೂಧ್‌ಸಾಗರ್, ಹಳಿ ಮ್ಯಾಲ ವಾಕಿಂಗ್, ಯಾರ್ಯಾರು ಬರ್ತೀರಿ?" ಕೆಳಗ ಇಪ್ಪತ್ತು ಮಂದಿದು ಬೆಂಕಿ ಇಮೋಜಿ. ಒಬ್ಬಾಂವ ಟ್ರೆಕ್ ಕಂಪನಿದು ಪೋಸ್ಟರ್ ಬ್ಯಾರೆ ಹಾಕ್ಯಾನ. ನಾಷ್ಟಾ, ಟೀ-ಶರ್ಟ್, ಡ್ರೋನ್ ವಿಡಿಯೊ ಎಲ್ಲಾ ಸೇರಿ ಒಂದು ರೇಟು. ಆ ಪೋಸ್ಟರಿನ್ಯಾಗ ಎರಡು ಮಾತು ಮಾತ್ರ ಬರದಿಲ್ಲ. ಹಳಿ ಮ್ಯಾಲ ನಡಿಯೋದು ಅಪರಾಧ ಅನ್ನೋದು ಒಂದು. ಆ ಹಾದಿ 1961ರ ತನಕ ಎರಡು ದೇಶಗಳ ಗಡಿ ದಾಟೋ ಹಾದಿ ಆಗಿತ್ತು ಅನ್ನೋದು ಇನ್ನೊಂದು.

ನನ್ನ ಜಗಳ ಎರಡೂ ಕಡೆ ಐತಿ. ಹಳಿ ಮ್ಯಾಲ ನಡಿಯೋರ ಜೋಡಿ ಐತಿ. ಹಂಗ ನಡದವ್ರಿಗೆ ಬಸ್ಕಿ ಹೊಡಸಿ, ವಿಡಿಯೊ ಮಾಡಿ, ಅಲ್ಲಿಗೆ ಕೆಲಸ ಮುಗೀತು ಅಂತ ಕೈ ತೊಳಕೊಳ್ಳೋರ ಜೋಡಿನೂ ಐತಿ. ನನ್ನ ಪ್ರಕಾರ ಕ್ಯಾಸಲ್‌ರಾಕ್‌ನಾಗ ಒಂದು ಅಧಿಕೃತ ಗಡಿ ದಾರಿ ಬೇಕು. ಹಳಿಯಿಂದ ದೂರ, ಕಾಡಿನ ಇಲಾಖೆ ಕೈಯಾಗ, ಊರವ್ರು ಗೈಡ್ ಆಗಿ, ಇತಿಹಾಸ ಬರದ ಫಲಕಗಳ ಜೋಡಿ. ಯಾಕ ಅಂತ ಹೇಳ್ತೀನಿ. ಎಂಟು ಪೋಸ್ಟ್ ಆಗತೈತಿ. ಸೇವ್ ಮಾಡ್ಕೊಂಡು ಮೆಸ್ಸಿನ್ಯಾಗ ಊಟಕ್ಕ ಪಾಳಿ ಹಚ್ಚಿದಾಗ ಓದ್ರಿ.

#ಕ್ಯಾಸಲ್‌ರಾಕ್ #ಹುಬ್ಬಳ್ಳಿಧಾರವಾಡ #ಗಡಿದಾರಿ

2/8

ಮೊದ್ಲ ಜಾಗಾ ಗೊತ್ತಾಗಲಿ. ಹುಬ್ಬಳ್ಳಿಯಿಂದ ಧಾರವಾಡ, ಅಳ್ನಾವರ, ಲೋಂಡಾ, ತಿನೈಘಾಟ್ ದಾಟಿದ್ರ ಕ್ಯಾಸಲ್‌ರಾಕ್. ಉತ್ತರ ಕನ್ನಡ ಜಿಲ್ಲಾ, ಜೋಯಿಡಾ ತಾಲೂಕು, ಈ ಹಳಿ ಮ್ಯಾಲ ಕರ್ನಾಟಕದ ಕಡೀ ಸ್ಟೇಷನ್. ಅಲ್ಲಿಂದ ರೈಲು ಘಟ್ಟ ಇಳೀತೈತಿ: ಕಾರಂಜೋಳ, ದೂಧ್‌ಸಾಗರ್, ಸೋನಾವಳಿ, ಕುಳೆಂ. ಕ್ಯಾಸಲ್‌ರಾಕ್ ಮತ್ತ ಕಾರಂಜೋಳದ ನಡುವ ರಾಜ್ಯದ ಗಡಿ ಐತಿ. ಇವತ್ತು ಆ ಗಡಿ ನಿಮಗ ಗೊತ್ತಾಗೋದು ಸ್ಟೇಷನ್ ಬೋರ್ಡಿನ ಮ್ಯಾಲ ಕನ್ನಡ ಹೋದಾಗ, ಅಷ್ಟೇ. ಕಿಡಕಿ ಕಡೆ ಕುಂತವ್ರು ಜಲಪಾತ ಬಂತಾ ಅಂತ ನೋಡತಿರ್ತಾರ. ಗಡಿ ಯಾರಿಗೆ ಬೇಕು?

ಆದ್ರ 1961ರ ಡಿಸೆಂಬರ್ 19ರ ತನಕ ಅದೇ ಗೆರಿ ಪೋರ್ಚುಗೀಸ್ ಆಡಳಿತದ ಅಂಚು. 1510ರಿಂದ 451 ವರ್ಷ ಗೋವಾ ಅವ್ರ ಕೈಯಾಗಿತ್ತು. ಈ ಕಡೆ ಮೊದ್ಲ ಬ್ರಿಟಿಷ್ ಇಂಡಿಯಾ, 1947ರ ನಂತರ ಸ್ವತಂತ್ರ ಭಾರತ. ಈ ಕಡೆ ತಪಾಸಣಿ ಕ್ಯಾಸಲ್‌ರಾಕ್‌ನಾಗ, ಆ ಕಡೆ ಕುಳೆಂನಾಗ. ಟ್ರಂಕು ಬಿಚ್ಚಿ ತೋರಸಬೇಕು, ಸುಂಕ ಕಟ್ಟಬೇಕು, ಆಮ್ಯಾಲ ರೈಲು ಮುಂದ. ಧಾರವಾಡದಿಂದ ಒಂದು ಹಗಲಿನ ದಾರಿಯಾಗ ಯುರೋಪಿನ ಒಂದು ದೇಶದ ಬಾವುಟ ಹಾರ್ತಿತ್ತು ಅಂದ್ರ ನಂಬ್ತೀರಿ? ವಾಘಾ ಗಡಿ ನೋಡಾಕ ಎರಡು ದಿನ ರೈಲಿನ್ಯಾಗ ಕುಂತು ಹೋಗ್ತೀವಿ. ನಮ್ಮ ಮಗ್ಗಲದ ಗಡಿ ಮ್ಯಾಲ ನಿಂತು ಪೋಸ್ ಕೊಡ್ತೀವಿ, ಅದು ಗಡಿ ಅಂತ ಗೊತ್ತಿರದನ.

3/8

ಈ ಹಳಿ ಯಾಕ ಬಂತು ಅನ್ನೋ ಕಥಿ ಇನ್ನೂ ಮಜಾ ಐತಿ, ಮತ್ತ ಅದರ ಅರ್ಧ ಕಥಿ ನಮ್ಮ ಧಾರವಾಡದಾಗ ಐತಿ.

1878ರ ಡಿಸೆಂಬರ್‌ನಾಗ ಬ್ರಿಟನ್ ಮತ್ತ ಪೋರ್ಚುಗಲ್ ಒಂದು ಒಪ್ಪಂದ ಮಾಡ್ಕೊಂಡ್ರು. ಗಡಿ ಮ್ಯಾಲಿನ ಸುಂಕ ತಗೀಬೇಕು, ಮರ್ಮಗೋವಾ ಬಂದರದಿಂದ ಘಟ್ಟದ ಮ್ಯಾಲಕ್ಕ ರೈಲು ಹಾಕಬೇಕು. ಪೋರ್ಚುಗೀಸರಿಗೆ ಬಂದರು ಬೆಳೀಬೇಕಿತ್ತು. ಬ್ರಿಟಿಷರಿಗೆ ನಮ್ಮ ಧಾರವಾಡ ಸೀಮಿ ಹತ್ತಿ ಸಮುದ್ರ ಮುಟ್ಟಬೇಕಿತ್ತು. ಜೊತಿಗೆ ಗೋವಾದ ಉಪ್ಪಿನ ಉದ್ಯಮ ಬ್ರಿಟಿಷರ ಹಿಡಿತಕ್ಕ ಹೋತು. ಅದಕ್ಕ ಬದಲಿಗೆ ಅವ್ರು ಗೋವಾ ಸರ್ಕಾರಕ್ಕ ವರ್ಷಕ್ಕ 4 ಲಕ್ಷ ರೂಪಾಯಿ ಕೊಡ್ತಿದ್ರು. ರೊಕ್ಕ ಸರ್ಕಾರಕ್ಕ, ತುಟ್ಟಿ ಉಪ್ಪು ಬಡವರಿಗೆ. ಗಾಂಧೀಜಿ ದಾಂಡಿಗೆ ನಡಿಯೂಕಿಂತ ಐವತ್ತು ವರ್ಷ ಮೊದಲಿನ ಮಾತಿದು.

1888ಕ್ಕ ಮರ್ಮಗೋವಾದಿಂದ ಕ್ಯಾಸಲ್‌ರಾಕ್ ತನಕ ಮೀಟರ್ ಗೇಜ್ ಹಳಿ ತಯಾರ್. ಈ ಕಡೆಯಿಂದ ಅದಕ್ಕ ಕೂಡಿದ್ದು ಸದರ್ನ್ ಮರಾಠಾ ರೈಲ್ವೆ. ಆ ಕಂಪನಿದ ಹೆಡ್ ಆಫೀಸ್ ಎಲ್ಲಿತ್ತು ಗೊತ್ತೇನು? ನಾವು ಕಟ್ಟಿ ಮ್ಯಾಲ ಕುಂತು ಹಾಳು ಹರಟಿ ಹೊಡೀತೀವಲ್ಲಾ, ಅದೇ ಕೆಸಿಡಿ ಕಟ್ಟಡ. 1917ರಾಗ ಸುರು ಆದ ಕರ್ನಾಟಕ ಕಾಲೇಜು ಆಮ್ಯಾಲ ಆ ರೈಲ್ವೆ ಕಟ್ಟಡಕ್ಕ ಬಂತು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್ 1885ರದ್ದು, ಅದೇ ಕಂಪನಿ ಕಾಲದ್ದು. ನಮ್ಮ ಅವಳಿ ನಗರದ ಅರ್ಧ ಮಂದಿ ಮನಿ ಅನ್ನಕ್ಕ ಈ ಹಳಿಗೆ ಸಂಬಂಧ ಐತಿ.

ಆದ್ರ ನೋಡ್ರಿ, ಹಳಿ ಬಂದು ನಾಕು ವರ್ಷಕ್ಕ, 1892ರಾಗ, ಆ ಒಪ್ಪಂದನೇ ಮುಗದು ಹೋತು. ಸುಂಕ ಇರಬಾರದು ಅಂತ ಹಾಕಿದ ಹಳಿ ಮ್ಯಾಲ ಸುಂಕದ ಕಟ್ಟೆ ವಾಪಸ್ ಬಂತು. ನೀವು ಸೆಲ್ಫಿ ತಗೊಳ್ಳೋ ಹಳಿ, ಮುರದ ಒಪ್ಪಂದದ ಮ್ಯಾಲ ಉಳದ ಹಳಿ.

4/8

ಕುಳೆಂ ಸ್ಟೇಷನ್ ಗೊತ್ತಲ್ಲಾ? ಜೀಪ್ ಸಫಾರಿಯವ್ರು ಮುತ್ತಿಕೊಳ್ಳೋ ಊರು. ಅದೇ ಸ್ಟೇಷನ್‌ನಾಗ 1946ರ ಸೆಪ್ಟೆಂಬರ್ 29ಕ್ಕ ರಾಮಮನೋಹರ ಲೋಹಿಯಾ ಅವ್ರನ್ನ ಪೋರ್ಚುಗೀಸ್ ಪೊಲೀಸರು ಹಿಡದ್ರು. ಅದೇ ವರ್ಷ ಜೂನ್ 18ಕ್ಕ ಮಡಗಾಂವನಾಗ ಸಭಾ ಬಂದಿ ಮುರದು ಭಾಷಣ ಮಾಡಾಕ ಹೋಗಿ ಒಮ್ಮೆ ಸಿಕ್ಕಿದ್ರು, ಗಡಿ ಆಚಿ ಹಾಕಿದ್ರು. ಮತ್ತ ಬಂದ್ರು. ಕುಳೆಂನಾಗ ಇಳಿಸಿ ಅಗ್ವಾದ ಕೋಟಿಗೆ ಒಯ್ದು, ಹತ್ತು ದಿನ ಇಟ್ಟು, ಮತ್ತ ಹೊರಗ ಹಾಕಿದ್ರು. ಗೋವಾದ ಮಂದಿ ಜೂನ್ 18ನ್ನ ಇವತ್ತಿಗೂ ಕ್ರಾಂತಿ ದಿನ ಅಂತ ಆಚರಸ್ತಾರ. ನಾವು ಅದೇ ಜೂನ್‌ನಾಗ ಟ್ರೆಕ್ ಡಿಸ್ಕೌಂಟ್ ಕೋಡ್ ಹಂಚ್ತೀವಿ.

ಆಮ್ಯಾಲ 1955. ಆಗಸ್ಟ್ 15ಕ್ಕ ದೇಶದ ಮೂಲಿಮೂಲಿಯಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ಬರಿಗೈಲೆ ಗೋವಾ ಗಡಿ ದಾಟಿದ್ರು. ಪೋರ್ಚುಗೀಸರು ಗುಂಡು ಹಾರಿಸಿದ್ರು, ಇಪ್ಪತ್ತರ ಮ್ಯಾಲ ಮಂದಿ ಸತ್ರು. ಪಂಜಾಬಿನ ಕರ್ನೈಲ್ ಸಿಂಗ್ ಪತ್ರಾದೇವಿಯೊಳಗ ಬಿದ್ದ ಹುಡುಗ. ನಮ್ಮ ಕಡೆಯವ್ರೂ ಇದ್ರು. ನರಗುಂದದ ಜಗನ್ನಾಥರಾವ್ ಜೋಶಿ ಆ ವರ್ಷ ಒಂದು ತಂಡ ಕಟ್ಟಿಕೊಂಡು ಹೋಗಿ ಗೋವಾ ಜೈಲಿನ್ಯಾಗ ಇದ್ದು ಬಂದ್ರು. ಲೋಹಿಯಾ ಸಮಾಜವಾದಿ, ಜೋಶಿ ಜನಸಂಘ. ಇವತ್ತು ಒಬ್ಬರ ಹೆಸರು ಹೇಳಿದ್ರ ಇನ್ನೊಬ್ಬರ ಕಡೆಯವ್ರು ಕಾಮೆಂಟಿನ್ಯಾಗ ಹೊಡದಾಡ್ತೀರಿ. ಆ ಗಡಿ ಇಬ್ಬರನ್ನೂ ಒಂದೇ ಥರ ಜೈಲಿಗೆ ಹಾಕಿತ್ತು.

ಅದೇ ವರ್ಷ ಭಾರತ ಸರ್ಕಾರ ದಿಗ್ಬಂಧನ ಹಾಕಿ ಗಡಿ ಮುಚ್ಚಿತು. ಕ್ಯಾಸಲ್‌ರಾಕ್‌ನಿಂದ ಮುಂದ ರೈಲು ಬಂದ್. ಆರು ವರ್ಷ. ಒಂದು ಲೆಕ್ಕ ಹೇಳ್ತೀನಿ: ಆಗ ಕರ್ನಾಟಕ ಏಕೀಕರಣನೇ ಆಗಿರಲಿಲ್ಲ. ಧಾರವಾಡ, ಕಾರವಾರ ಎಲ್ಲಾ ಮುಂಬೈ ರಾಜ್ಯದಾಗ. 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದಾಗ, ಹೊಸ ರಾಜ್ಯದ ಪಶ್ಚಿಮಕ್ಕ ಒಂದು ಮುಚ್ಚಿದ ವಿದೇಶಿ ಗಡಿ ಇತ್ತು. ಈ ಮಾತು ನಮಗ ಯಾವ ರಾಜ್ಯೋತ್ಸವ ಭಾಷಣದಾಗೂ ಯಾರೂ ಹೇಳಲಿಲ್ಲ.

5/8

ಈ ಪೋಸ್ಟ್ ಒಂದನ್ನಾದ್ರೂ ಪೂರ್ತಿ ಓದ್ರಿ. ಉಳದದ್ದು ಸ್ಕಿಪ್ ಮಾಡಿದ್ರೂ ನಡೀತೈತಿ.

ಗಡಿ ಮುಚ್ಚಿದ ವರ್ಷ, 1955ರ ನವೆಂಬರ್ 25ಕ್ಕ, ಕಾಡಿನೊಳಗಿಂದ ಒಂದು ಗುಪ್ತ ರೇಡಿಯೊ ಸುರು ಆತು. ಪೋರ್ಚುಗೀಸ್‌ದಾಗ ಮತ್ತ ಕೊಂಕಣಿಯೊಳಗ ಸುದ್ದಿ. ಗೋವಾದ ಒಳಗ ಪತ್ರಿಕೆಗಳಿಗೆ ಸೆನ್ಸಾರ್, ಸಭಾ ಮಾಡಿದ್ರ ಜೈಲು. ಹೊರಗಿನ ಖರೇ ಸುದ್ದಿ ಒಳಗ ಮುಟ್ಟಸೋ ದಾರಿ ಗಾಳಿ ಒಂದೇ. ನಡಸಿದವ್ರು ವಾಮನ ಸರದೇಸಾಯಿ ಮತ್ತ ಲಿಬಿಯಾ ಲೋಬೊ. ಮೊದ್ಲ ಅಂಬೋಲಿ ಕಾಡಿನಿಂದ, ಆಮ್ಯಾಲ ಎಲ್ಲಿಂದ? ನಮ್ಮ ಕ್ಯಾಸಲ್‌ರಾಕ್ ಕಾಡಿನಿಂದ. 1961ರ ತನಕ.

ಒಂದು ಸಲ ಕಲ್ಪನಾ ಮಾಡ್ಕೋರಿ. ಜೋಯಿಡಾ ಮಳಿ ಅಂದ್ರ ನಿಮಗ ಗೊತ್ತೈತಿ, ವಾರಗಟ್ಟಲೆ ಬಿಸಲು ಇಲ್ಲ, ಉಂಬಳ, ಹಾವು. ಅದರಾಗ ಒಂದು ಟ್ರಾನ್ಸ್‌ಮಿಟರ್. ಲಿಬಿಯಾ ಅವ್ರಿಗೆ ಆಗ ಮೂವತ್ತರ ಆಸುಪಾಸು. ಮುಂಬೈಯಾಗ ಓದಿದಾಕಿ, ಊರು ಬಿಟ್ಟು ಕಾಡಿಗೆ ಬಂದಾಕಿ. ಯಾರು ಕೇಳ್ತಾರ, ಎಷ್ಟು ಮಂದಿ ಕೇಳ್ತಾರ ಅನ್ನೋ ವ್ಯೂ ಕೌಂಟ್ ಅವ್ರಿಗೆ ಕಾಣ್ತಿರಲಿಲ್ಲ. ಆರು ವರ್ಷ ದಿನಾ ಮಾತಾಡಿದ್ರು. ನಾವು ಮೂರು ಪೋಸ್ಟಿಗೆ ಲೈಕ್ ಬರಲಿಲ್ಲ ಅಂದ್ರ ಅಕೌಂಟ್ ಡಿಲೀಟ್ ಮಾಡೋ ಮಂದಿ.

1961ರ ಡಿಸೆಂಬರ್‌ನಾಗ ಭಾರತದ ಸೇನೆ ಒಳಗ ಹೋತು. ಒಂದು ಬ್ರಿಗೇಡ್ ಇಲ್ಲಿಂದನೇ, ಕ್ಯಾಸಲ್‌ರಾಕ್ ಮಗ್ಗಲದ ಅನ್‌ಮೋಡ್ ಕಡೆಯಿಂದ ಮೊಲ್ಲೆಂ ಕಡೆ ಇಳೀತು. 19ಕ್ಕ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದ. ಅವತ್ತು ಲಿಬಿಯಾ, ವಾಮನ ಇಬ್ಬರೂ ವಾಯುಸೇನೆ ವಿಮಾನದಾಗ ಪಣಜಿ ಮ್ಯಾಲ ಹಾರಿ, ಸ್ಪೀಕರಿನ್ಯಾಗ ಗೋವಾ ಬಿಡುಗಡೆ ಆತು ಅಂತ ಕೂಗಿ ಹೇಳಿದ್ರು. ಆಮ್ಯಾಲ ಇಬ್ಬರೂ ಮದುವಿ ಆದ್ರು. ಲಿಬಿಯಾ ಲೋಬೊ ಸರದೇಸಾಯಿ ಅವ್ರಿಗೆ ಪದ್ಮಶ್ರೀ ಸಿಕ್ಕಿದ್ದು 2025ರಾಗ, ನೂರರ ವಯಸ್ಸಿನ್ಯಾಗ.

ಶಾರುಖ್ ಖಾನ್ ರೈಲು ದೂಧ್‌ಸಾಗರ್ ಮುಂದ ನಿಂತದ್ದು ನಮಗೆಲ್ಲಾರಿಗೂ ಗೊತ್ತೈತಿ. ಅದು 2013. ಈ ರೇಡಿಯೊ ಬಗ್ಗೆ ಕ್ಯಾಸಲ್‌ರಾಕ್ ಪ್ಲಾಟ್‌ಫಾರ್ಮ್ ಮ್ಯಾಲ ಇಳದವ್ರಿಗೆ ಹೇಳೋರು ಯಾರು?

6/8

ಈಗ ಹಳಿ ಕಥಿಗೆ ಬರೋಣ, ಯಾಕಂದ್ರ ನಿಮ್ಮ ಡಿಎಂ ನನಗ ಬಂದಾವ. "ಎಲ್ಲಾರೂ ನಡೀತಾರ, ಏನೂ ಆಗಂಗಿಲ್ಲ, ನೀ ಯಾಕ ಭಯ ಹುಟ್ಟಸ್ತಿ?"

ಕ್ಯಾಸಲ್‌ರಾಕ್‌ನಿಂದ ಕುಳೆಂ ತನಕ ಇಳಿಜಾರು 37ಕ್ಕ 1. ಅಂದ್ರ 37 ಮೀಟರ್ ಮುಂದ ಹೋದ್ರ 1 ಮೀಟರ್ ಕೆಳಗ. ರಸ್ತಾಕ್ಕ ಇದು ಏನೂ ಅಲ್ಲ, ರೈಲಿಗೆ ಭಾಳ. ಅದಕ್ಕ ಅಲ್ಲಿ ರೈಲು ಹತ್ತಬೇಕಾದ್ರ ಹೆಚ್ಚಿನ ಎಂಜಿನ್ ಹಚ್ತಾರ, ಇಳಿಯೂಕಿಂತ ಮೊದ್ಲ ಬ್ರೇಕ್ ಪರೀಕ್ಷಾ ಮಾಡ್ತಾರ. ಮ್ಯಾಲ ಹೋಗೋದು ಬರೇ ಪ್ಯಾಸೆಂಜರ್ ಅಲ್ಲ. ಮರ್ಮಗೋವಾದಿಂದ ಬಳ್ಳಾರಿ ಸೀಮಿ ಉಕ್ಕಿನ ಕಾರ್ಖಾನಿಗೆ ಕಲ್ಲಿದ್ದಲಿನ ಗೂಡ್ಸ್ ಇದೇ ಹಳಿ ಮ್ಯಾಲ ಹೋಗತೈತಿ. ಹಂಥಾ ಭಾರದ ರೈಲು ಇಳಿಜಾರಿನ್ಯಾಗ ನಿಮ್ಮ ರೀಲ್ ಮುಗಿಯೋ ತನಕ ನಿಂದ್ರಂಗಿಲ್ಲ. ನಿಂದ್ರಸಾಕ ಬರಂಗೂ ಇಲ್ಲ. ದಾರಿಯಾಗ ಸುರಂಗ ಹತ್ತಕ್ಕಿಂತ ಹೆಚ್ಚು, ಒಂಟಿ ಹಳಿ, ಮಳಿಗಾಲದಾಗ ಜಲಪಾತದ ಸಪ್ಪಳಕ್ಕ ಹಾರ್ನ್ ಕೇಳಂಗಿಲ್ಲ. ನನ್ನ ಮಾತು ನಂಬಬ್ಯಾಡ್ರಿ, ನಿಮ್ಮ ಓಣಿಯೊಳಗ ಯಾರಾರ ಲೋಕೊ ಪೈಲಟ್ ಇದ್ರ ಕೇಳ್ರಿ. ಹುಬ್ಬಳ್ಳಿಯಾಗ ಅಂಥಾವ್ರಿಗೆ ಬರ ಇಲ್ಲ. ಹಳಿ ಮ್ಯಾಲ ಮನುಷ್ಯಾ ಕಂಡು ಬ್ರೇಕ್ ಹಾಕಿ, ಅದು ಸಾಕಾಗಂಗಿಲ್ಲ ಅಂತ ಗೊತ್ತಾದ ಮ್ಯಾಲಿನ ಆ ಕ್ಷಣದ ಬಗ್ಗೆ ಕೇಳ್ರಿ. ನೀವು ಸತ್ತು ಹೋಗ್ತೀರಿ, ಅದನ್ನ ಹೊತ್ತುಕೊಂಡು ಮತ್ತ ಡ್ಯೂಟಿಗೆ ಹೋಗೋನು ಅಂವ.

ಕಾನೂನು ಬೇಕಂದ್ರ 1989ರ ರೈಲ್ವೆ ಕಾಯ್ದೆ, ಸೆಕ್ಷನ್ 147. ಆರು ತಿಂಗಳ ತನಕ ಜೈಲು, ಇಲ್ಲಾ ಸಾವಿರ ರೂಪಾಯಿ ತನಕ ದಂಡ, ಇಲ್ಲಾ ಎರಡೂ.

2023ರ ಜುಲೈದಾಗ ನೂರಾರು ಮಂದಿ ಹಳಿ ಮ್ಯಾಲ ಬಂದಾಗ ಪೊಲೀಸರು ಅವ್ರಿಗೆ ಬಸ್ಕಿ ಹೊಡಸಿದ ವಿಡಿಯೊ ಊರೆಲ್ಲಾ ಓಡಾಡಿತು. ನಕ್ಕೊಂತ ಶೇರ್ ಮಾಡಿದ್ರಿ ಎಲ್ಲಾರೂ. ನನಗ ಅದು ನಗೋ ವಿಷಯ ಅನಸಲಿಲ್ಲ. ಬಸ್ಕಿ ಯಾವ ಕಾಯ್ದೆಯಾಗ ಬರದೈತಿ? ತಪ್ಪು ಮಾಡಿದ್ರ ಕೇಸ್ ಹಾಕ್ರಿ, ದಂಡ ತಗೋರಿ, ರಸೀದಿ ಕೊಡ್ರಿ. ಮತ್ತ ಬಸ್ಕಿ ಹೊಡದವ್ರು ಯಾರು? ರೊಕ್ಕ ಕೊಟ್ಟು ಬಂದ ಹುಡುಗರು. ರೊಕ್ಕ ತಗೊಂಡು, ಪೋಸ್ಟರ್ ಅಚ್ಚು ಮಾಡಿ, ಅವ್ರನ್ನ ಅಲ್ಲಿ ತಂದು ಬಿಟ್ಟವ್ರ ಮೊಣಕಾಲು ಏನೂ ನೋಯಲಿಲ್ಲ. ಮುಂದಿನ ವಾರದ ಬ್ಯಾಚಿಗೆ ಬುಕಿಂಗ್ ಓಪನ್.

7/8

"ಹಂಗಾದ್ರ ಹೋಗೋದs ಬ್ಯಾಡೇನು?" ಹೋಗ್ರಿ. ಹೋಗಲೇಬೇಕು ಅಂತನೇ ನಾ ಹೇಳೋದು.

ಜರ್ಮನಿ ಎರಡಾಗಿತ್ತಲ್ಲಾ, ಅವ್ರ ಒಳಗಡಿ ಸುಮಾರು 1,400 ಕಿಲೋಮೀಟರ್ ಉದ್ದ. ತಂತಿ ಬೇಲಿ, ನೆಲಬಾಂಬು, ಕಾವಲು ಗೋಪುರ. 1989ರಾಗ ಗಡಿ ತೆರದ ಮುಂದಿನ ತಿಂಗಳೇ ಎರಡೂ ಕಡೆಯ ಪರಿಸರದ ಮಂದಿ ಕೂಡಿ ಇದನ್ನ ಹಸಿರು ಪಟ್ಟಿ ಮಾಡೋಣು ಅಂದ್ರು. ಯಾಕಂದ್ರ ಮನುಷ್ಯಾರು ಕಾಲಿಡದ ಜಾಗದಾಗ ಹಕ್ಕಿ, ಗಿಡ ಉಳದಿದ್ವು. ಇವತ್ತು ಸೈನಿಕರ ಗಸ್ತಿನ ದಾರಿ ಮ್ಯಾಲನೇ ಮಂದಿ ನಡೀತಾರ. ಉಳಸಿಟ್ಟ ಗೋಪುರಗಳ ಕೆಳಗ ಏನಾಗಿತ್ತು ಅಂತ ಬರದೈತಿ. ಜರ್ಮನಿಯವ್ರಿಗೆ ರೊಕ್ಕ ಐತಿ, ನಮಗ ಇಲ್ಲ ಅಂತೀರಿ. ನಾಕು ಫಲಕಕ್ಕ ಎಷ್ಟು ರೊಕ್ಕ ಬೇಕ್ರಿ?

ನಮ್ಮ ಕ್ಯಾಸಲ್‌ರಾಕ್‌ನಾಗ ಆಗಬೇಕಾದ್ದು ಸಣ್ಣದು. ಸ್ಟೇಷನ್ನಿನ್ಯಾಗ ಒಂದು ಖೋಲಿಯಷ್ಟು ಪ್ರದರ್ಶನ: ಒಪ್ಪಂದ, ಸುಂಕದ ಕಟ್ಟೆ, ದಿಗ್ಬಂಧನ, ರೇಡಿಯೊ. ಅಲ್ಲಿಂದ ಹಳಿ ಮುಟ್ಟದಂಗ, ಗಡಿಯ ಈ ಕಡೆ ಅನ್‌ಮೋಡ್ ದಿಕ್ಕಿನ್ಯಾಗ, ಊರವ್ರು ಈಗಾಗಲೇ ಓಡಾಡೋ ಹಾದಿ ನೋಡಿ ಅರಣ್ಯ ಇಲಾಖೆ ಗುರುತು ಮಾಡಿದ ಕಾಲ್ದಾರಿ. ಗೈಡ್ ಇಲ್ಲದ ಹೋಗಂಗಿಲ್ಲ. ದಿನಕ್ಕ ಇಂತಿಷ್ಟು ಮಂದಿ. ಕುಮಾರ ಪರ್ವತಕ್ಕ ಆನ್‌ಲೈನ್ ಬುಕಿಂಗ್ ಮಾಡಿ ಮಿತಿ ಹಾಕ್ಯಾರಲ್ಲಾ, ಹಂಗ.

ಇದಕ್ಕ ಬಂದ ವಾದದಾಗ ತೂಕ ಇದ್ದದ್ದು ಒಂದೇ, ಹುಲಿ. ಕ್ಯಾಸಲ್‌ರಾಕ್ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆ ಕಡೆ ಇಳದ್ರ ಭಗವಾನ್ ಮಹಾವೀರ ಅಭಯಾರಣ್ಯ, ಮೊಲ್ಲೆಂ ರಾಷ್ಟ್ರೀಯ ಉದ್ಯಾನ. ಇದೇ ಕಾಡಿನ್ಯಾಗ ಜೋಡಿ ಹಳಿ ಹಾಕೋ ಯೋಜನೆಗೆ ವನ್ಯಜೀವಿ ಮಂಡಳಿಯ ಸಮಿತಿ ಕೊಟ್ಟಿದ್ದ ಒಪ್ಪಿಗಿನ್ನ 2022ರ ಮೇದಾಗ ಸುಪ್ರೀಂ ಕೋರ್ಟ್ ತಗದು ಹಾಕಿತು. ಅಷ್ಟು ಸೂಕ್ಷ್ಮ ಜಾಗಾ. ಹಂಗಂತ ಈಗ ಅಲ್ಲಿ ಏನು ನಡದೈತಿ? ಲೆಕ್ಕ ಇಲ್ಲದ ಗುಂಪು, ಬ್ಲೂಟೂತ್ ಸ್ಪೀಕರ್, ಚಿಪ್ಸ್ ಪಾಕೀಟು, ಹಳಿ ಪಕ್ಕ ಬಿಯರ್ ಬಾಟ್ಲಿ. ಲೆಕ್ಕ ಇರೋ ಇಪ್ಪತ್ತು ಮಂದಿ ಮತ್ತ ಲೆಕ್ಕ ಇಲ್ಲದ ಇನ್ನೂರು ಮಂದಿ, ಇದರಾಗ ಹುಲಿಗೆ ಯಾವುದು ಬೇಕಾದೀತು? ಕಾಡಿನವ್ರು ಮಳಿಗಾಲ ಪೂರ್ತಿ ಬಂದ್ ಇಡ್ತೀವಿ ಅಂದ್ರ ಇಡಲಿ. ನಾವು ಚಳಿಗಾಲಕ್ಕ ಹೋಗೋಣು. ಡಿಸೆಂಬರ್ 19 ಚಳಿಗಾಲದಾಗs ಬರತೈತಿ.

ಗೈಡ್ ಯಾರಾಗಬೇಕು ಅನ್ನೋದಕ್ಕ ಬೆಂಗಳೂರು, ಹುಬ್ಬಳ್ಳಿ ಕಂಪನಿ ಕಡೆ ನೋಡಬ್ಯಾಡ್ರಿ. ಜೋಯಿಡಾದ ಕುಣಬಿಯವ್ರು ಆ ಕಾಡಿನ ಗೆಡ್ಡಿ ಗೆಣಸು ಎಲ್ಲಾ ಹೆಸರು ಹಿಡದು ಹೇಳ್ತಾರ. ವರ್ಷಾ ಗೆಡ್ಡಿ ಗೆಣಸಿನ ಮೇಳ ಮಾಡ್ತಾರ, ನೋಡ್ಯೀರೇನು? ಗೌಳಿಗರದಾರ, ಸಿದ್ದಿಯವ್ರದಾರ. ಗಡಿ ಇದ್ದಾಗ ಅದರ ಮಗ್ಗಲ ಬದುಕಿದವ್ರ ಮೊಮ್ಮಕ್ಕಳು ಅವ್ರು. ಪುಸ್ತಕದಾಗ ಇಲ್ಲದ್ದು ಅವ್ರ ಅಜ್ಜಿ ಬಾಯಾಗ ಇರತೈತಿ.

8/8

ಕಡೀ ಡಿಎಂ: "ಅದು ಗೋವಾದವ್ರ ಇತಿಹಾಸ, ನಮಗ್ಯಾಕ?"

ಹುಬ್ಬಳ್ಳಿಯಿಂದ ಒಮ್ಮೆ ಜನರಲ್ ಡಬ್ಬಿಯೊಳಗ ವಾಸ್ಕೊ ತನಕ ಹೋಗ್ರಿ. ಗದಗ, ಕೊಪ್ಪಳ, ಬಾಗಲಕೋಟಿ, ವಿಜಯಪುರ ಸೀಮಿಯವ್ರು ಗಂಟು ಮೂಟಿ ಕಟ್ಟಿಕೊಂಡು ಕುಂತಿರ್ತಾರ. ಮೀನು ದಕ್ಕಿ, ಕಟ್ಟಡದ ಕೆಲಸ, ಮನಿಗೆಲಸ. ಗೋವಾ ಕಟ್ಟಿದ ಕೈಯಾಗ ನಮ್ಮವ್ರ ಕೈ ಎಷ್ಟು ಅಂತ ಗೋವಾದವ್ರಿಗೂ ಗೊತ್ತೈತಿ. ಆದ್ರ ಅಲ್ಲಿ ಇವ್ರಿಗೆ ಹೆಸರೇನು? "ಘಾಟಿ". ಘಟ್ಟದ ಮ್ಯಾಲಿನವ್ರು ಅಂತ, ಬೈಗುಳದಂಗ. 1961ಕ್ಕ ಸುಂಕದ ಕಟ್ಟೆ ಹೋತು, ಈ ಶಬ್ದ ಹೋಗಲಿಲ್ಲ. ಈ ಕಡೆ ನಾವೇನು ಕಡಿಮಿ? ಮಹದಾಯಿ ಮಾತು ಬಂದಾಗ ಗೋವಾದವ್ರ ಬಗ್ಗೆ ನಾವು ಏನೇನು ಬರದೀವಿ ಅಂತ ನಮ್ಮ ಸ್ಟೋರಿ ಆರ್ಕೈವ್ ತಗದು ನೋಡೋಣು. ಕಳಸಾ-ಬಂಡೂರಿ ನೀರು ಹುಬ್ಬಳ್ಳಿ-ಧಾರವಾಡಕ್ಕ ಬೇಕು, ನಾನೂ ಆ ಮೆರವಣಿಗಿಯೊಳಗ ನಡದಾಂವನೇ. ಆದ್ರ ನೀರಿಗೆ ಜಗಳಾಡೋ ಮಂದಿಗೆ, ತಮ್ಮಿಬ್ಬರ ನಡುವಿನ ಗೆರಿ ಲಿಸ್ಬನ್, ಲಂಡನ್ ಕೂಡಿ ಹಾಕಿದ್ದು ಅಂತಾದ್ರೂ ಗೊತ್ತಿರಬೇಕು. ಆ ಗೆರಿ ಅಳಸಾಕ ಒಬ್ಬಾಕಿ ನಮ್ಮ ಕಾಡಿನ್ಯಾಗ ಕುಂತು ಕೊಂಕಣಿಯೊಳಗ ಮಾತಾಡಿದ್ಲು, ನರಗುಂದದಾಂವ ಒಬ್ಬ ಅಲ್ಲಿ ಹೋಗಿ ಜೈಲಿನ್ಯಾಗ ಕುಂತ ಅನ್ನೋದೂ ಗೊತ್ತಿರಬೇಕು.

ಈಗ ಕೆಲಸದ ಮಾತು. ನೈಋತ್ಯ ರೈಲ್ವೆ ಮುಖ್ಯ ಕಚೇರಿ ಬ್ಯಾರೆ ಎಲ್ಲೂ ಇಲ್ಲ, ನಮ್ಮ ಗದಗ ರಸ್ತಾದ ರೈಲ್ ಸೌಧ. ಸಿಟಿ ಬಸ್ಸಿನ್ಯಾಗ ಹೋಗಿ ಅರ್ಜಿ ಕೊಟ್ಟು ಬರಬಹುದು. ನಾನು ಒಂದು ಕರಡು ಬರದೀನಿ, ಬಯೋದಾಗಿನ ಲಿಂಕ್‌ನಾಗ ಐತಿ. ಕೇಳಿದ್ದು ಮೂರೇ. ಕ್ಯಾಸಲ್‌ರಾಕ್ ಸ್ಟೇಷನ್ನಿನ್ಯಾಗ ಗಡಿ ಇತಿಹಾಸದ ಫಲಕ, ಕನ್ನಡ ಮತ್ತ ಕೊಂಕಣಿ ಎರಡರಾಗೂ. ಹಳಿ ಟ್ರೆಕ್ ಮಾರೋ ಕಂಪನಿಗಳ ಮ್ಯಾಲ ಕೇಸ್. ಮತ್ತ ಅರಣ್ಯ ಇಲಾಖೆ ಜೋಡಿ ಕುಂತು ಅಧಿಕೃತ ಕಾಲ್ದಾರಿಯ ಪರಿಶೀಲನೆ. ಅರಣ್ಯ ಇಲಾಖೆಗೆ ಇದರದೇ ಪ್ರತಿ ಹೋಗತೈತಿ.

ಸಹಿ ಮಾಡೋರು ಲಿಂಕ್ ಒಳಗ ಹೆಸರು, ಕಾಲೇಜು, ಯಾವ ವರ್ಷ ಅಂತ ಬರೀರಿ. ಫೋನ್ ನಂಬರ್ ಕಾಮೆಂಟಿನ್ಯಾಗ ಹಾಕಬ್ಯಾಡ್ರಿ. ಯಾರ ಮನಿಯಾಗಾರ ಅಜ್ಜಾರು, ಅಜ್ಜಿಯಾರು 1961ಕ್ಕಿಂತ ಮೊದ್ಲ ಕ್ಯಾಸಲ್‌ರಾಕ್ ದಾಟಿ ಗೋವಾಕ್ಕ ಹೋಗಿದ್ರ, ಹಳೇ ಕಾಗದ, ಫೋಟೊ, ಚೀಟಿ ಏನಿದ್ರೂ ಡಿಎಂ ಮಾಡ್ರಿ. ಅವ್ರ ಧ್ವನಿ ರೆಕಾರ್ಡ್ ಮಾಡಿದ್ರ ಇನ್ನೂ ಛಲೋ. ಈ ತಿಂಗಳು ಮುಗಿಯೂದ್ರಾಗ ಕಳಸ್ರಿ, ಅರ್ಜಿ ಜೋಡಿ ಲಗತ್ತಿಸಿ ಕೊಡೋಣು.

#ಕ್ಯಾಸಲ್‌ರಾಕ್ #ಗಡಿದಾರಿ #ಹಳಿಬ್ಯಾಡ #ಜೋಯಿಡಾ #ಕೆಸಿಡಿ